ಬಾಬಿನ್ ಕಳವಾದ ಸೋಮವಾರ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಯ ಮೆಟ್ಟಿಲು ಹತ್ತಿದವರು ಹೊಲಿಗೆ ತರಬೇತಿ ಕೇಂದ್ರದ ಮ್ಯಾನೇಜರು. ಹತ್ತು ಗಂಟೆಗೆ ಕಂಪನಿಯವರು ಬರುತ್ತಾರೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅದು ಆಗಲೇ ಬೆವರಿಗೆ ಬೆನ್ನಿಗಂಟಿತ್ತು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಅವರು ಕೂರಲಿಲ್ಲ.

"ಮೂವತ್ತು ಮೆಷಿನ್ನಿಂದಲೂ ಬಾಬಿನ್ ಕೇಸ್ ಹೋಗಿದೆ ಸಾರ್. ಒಂದನ್ನೂ ಬಿಟ್ಟಿಲ್ಲ."

ಬಾಬಿನ್ ಕೇಸ್ ಎಂದರೆ ಹೊಲಿಗೆ ಯಂತ್ರದ ಅಡಿಯಲ್ಲಿ ಕೂತು ಕೆಳದಾರದ ಸುರುಳಿಯನ್ನು ಹಿಡಿದಿಡುವ ಪುಟ್ಟ ಉಕ್ಕಿನ ಬಟ್ಟಲು. ಅದಿಲ್ಲದ ಮೆಷಿನ್ನು ಸದ್ದು ಮಾಡುತ್ತದೆಯೇ ಹೊರತು ಹೊಲಿಯುವುದಿಲ್ಲ. ಇನ್‌ಸ್ಪೆಕ್ಟರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ದರ್ಜಿಯ ಮಗ.

ಕಳವು ಸಣ್ಣದು, ಕಳೆದುಹೋಗುವುದು ದೊಡ್ಡದು ಎಂಬುದೂ ಅವರಿಗೆ ಗೊತ್ತಿತ್ತು. ಆ ಊರಿನಲ್ಲಿ ಇಟ್ಟಿಗೆ ಗೂಡು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಗೂಡಿನ ಬಿಸಿ ತಡೆಯಲಾರದವರು ಊರು ಬಿಡುತ್ತಿದ್ದರು. ಹಾಗಿರುವಾಗ ಸಿದ್ಧ ಉಡುಪಿನ ಕಂಪನಿಯೊಂದು ಇಲ್ಲಿ ಕಾರ್ಖಾನೆ ಕಟ್ಟುವ ಮಾತಾಡಿತ್ತು. ಗುಡ್ಡದಾಚೆಯ ಇನ್ನೊಂದು ಊರೂ ಅವರ ಕಣ್ಣಿನಲ್ಲಿತ್ತು. ಕೆಲಸ ಬಲ್ಲ ಕೈ ಎಲ್ಲಿದೆಯೋ ಅಲ್ಲಿಗೆ ನಾವು ಎಂದಿದ್ದರು. ಮೂವತ್ತು ಹೆಂಗಸರು ವರ್ಷಪೂರ್ತಿ ಕಲಿತಿದ್ದರು. ಆ ಸೋಮವಾರ ಅವರಿಗೆ ಪರೀಕ್ಷೆ: ಒಬ್ಬೊಬ್ಬರೂ ಒಂದೊಂದು ಅಂಗಿಯ ಕಾಲರ್ ಹೊಲಿದು ತೋರಿಸಬೇಕು.

ರೈಟರ್ ದೂರು ಬರೆದುಕೊಂಡು ಎಫ್‌ಐಆರ್ ದಾಖಲಿಸಿದ. ಒಂಬತ್ತೂಕಾಲಿಗೆ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಮಹಿಳಾ ಪೇದೆ ಕೇಂದ್ರದಲ್ಲಿದ್ದರು. ಚಹಾ ಅಂಗಡಿಯವನೂ ಅಂಚೆಯವನೂ ಪಂಚರಾದರು. ಸ್ಥಳ ಪಂಚನಾಮೆಯಲ್ಲಿ ಹೀಗೆ ನಮೂದಾಯಿತು: ಬಾಗಿಲಿನ ಬೀಗ ಮುರಿದಿಲ್ಲ, ಕಿಟಕಿಗಳಿಗೆ ಒಳಗಿನಿಂದ ಚಿಲಕ ಹಾಕಿದೆ, ಕತ್ತರಿ, ಇಸ್ತ್ರಿಪೆಟ್ಟಿಗೆ, ದಾರದ ಪೆಟ್ಟಿಗೆಗಳು ಇದ್ದಲ್ಲೇ ಇವೆ. ಬೀಗದ ಕೈ ಎರಡು. ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಹೊಲಿಗೆ ಕಲಿಸುವ ಟೀಚರಕ್ಕನ ಹತ್ತಿರ.

ಟೀಚರಕ್ಕನ ಮೇಲೆ ಅನುಮಾನಪಡಲು ಯಾರಿಗೂ ಮನಸ್ಸಿರಲಿಲ್ಲ. ಗಂಡಂದಿರನ್ನು, ಅತ್ತೆಯಂದಿರನ್ನು ಕಾಡಿ ಬೇಡಿ, ಮನೆ ಮನೆ ತಿರುಗಿ ಈ ಹೆಂಗಸರನ್ನು ಹೊರಗೆ ತಂದವಳೇ ಅವಳು. ಆ ಬೆಳಿಗ್ಗೆಯೂ ಅಳುತ್ತಿದ್ದ ಹುಡುಗಿಯರ ಬೆನ್ನು ಸವರುತ್ತ, ಇವತ್ತಲ್ಲದಿದ್ದರೆ ಇನ್ನೊಂದು ದಿನ ಆಗುತ್ತೆ ಬಿಡಿ ಎನ್ನುತ್ತಿದ್ದಳು. ಕಂಪನಿಯವರು ಬಂದರು, ನೋಡಿದರು. ಆ ಮೆಷಿನ್ನಿಗೆ ಹೊಂದುವ ಬಾಬಿನ್ ಕೇಸ್ ನಗರದಿಂದಲೇ ಬರಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಕಾರು ಹೊರಟುಹೋಯಿತು.

ಊರೆಲ್ಲ ಬೆರಳು ಮಾಡಿದ್ದು ಗೂಡಿನ ಯಜಮಾನನ ಕಡೆಗೆ. ಕಾರ್ಖಾನೆ ಬಂದರೆ ನನ್ನ ಗೂಡಿಗೆ ಮಣ್ಣು ಹೊರುವವರು ಯಾರು ಎಂದು ಅವನು ಕೂತಲ್ಲಿ ನಿಂತಲ್ಲಿ ಕೂಗಾಡಿದ್ದ. ದಫೇದಾರ ಅವನನ್ನು ಸಂಜೆಯೇ ಕರೆತಂದ. ಭಾನುವಾರ ಎಲ್ಲಿದ್ದೆ ಎಂದಷ್ಟೇ ಇನ್‌ಸ್ಪೆಕ್ಟರ್ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ತಡವರಿಸಿ ಹತ್ತು ಸುಳ್ಳು ಹೇಳಿದ. ಕೊನೆಗೆ ಬಾಯಿಬಿಟ್ಟ.

"ನಗರಕ್ಕೆ ಹೋಗಿದ್ದೆ ಸಾರ್. ಕಂಪನಿ ಸಾಹೇಬರನ್ನ ನೋಡೋಕೆ."

"ಯಾತಕ್ಕೆ?"

"ಬಯ್ಯೋದು ಬಯ್ದೆ. ಆದರೆ ಕಟ್ಟಡ ಎದ್ದರೆ ಇಟ್ಟಿಗೆ ಬೇಕಲ್ಲ. ನನ್ನ ಹತ್ತಿರಾನೇ ತಗೊಳ್ಳಿ ಅಂತ ಕೇಳೋಕೆ. ದಯವಿಟ್ಟು ಊರಲ್ಲಿ ಹೇಳಬೇಡಿ, ಮಾನ ಹೋಗುತ್ತೆ."

ದಫೇದಾರ ಮುಖ ಆ ಕಡೆ ತಿರುಗಿಸಿ ನಕ್ಕ. ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಕಂಪನಿಯ ಅಧಿಕಾರಿಗೆ ಫೋನು ಮಾಡಿ ಕೇಳಿದಾಗ ಯಜಮಾನ ಹೇಳಿದ್ದು ನಿಜವೆಂದು ತಿಳಿಯಿತು. ಅದೇ ಉಸಿರಿನಲ್ಲಿ ಅಧಿಕಾರಿ ಇನ್ನೊಂದು ಮಾತನ್ನೂ ಹೇಳಿದ. ರಾತ್ರಿ ಬಿಟ್ಟ ಸಾಮಾನು ಬೆಳಿಗ್ಗೆ ಇರದ ಕಡೆ ಕಾರ್ಖಾನೆ ಕಟ್ಟಲು ಮೇಲಿನವರು ಒಪ್ಪಿಲ್ಲ, ಗುಡ್ಡದಾಚೆಯ ಊರಿನವರಿಗೆ ಮಾತು ಕೊಟ್ಟಾಯಿತು, ನಿಮ್ಮ ಮ್ಯಾನೇಜರಿಗೂ ತಿಳಿಸಿದ್ದೇವೆ. ಇನ್‌ಸ್ಪೆಕ್ಟರ್ ಫೋನು ಕೆಳಗಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನು ಕಳ್ಳ ಸಿಕ್ಕರೂ ಯಾರ ಹೊಟ್ಟೆ ತುಂಬೀತು ಎಂದು ಅವರಿಗೆ ಬೇಸರವಾಯಿತು.

ಆದರೂ ತನಿಖೆ ತನಿಖೆಯೇ. ಅವರು ಮತ್ತೆ ಕೇಂದ್ರಕ್ಕೆ ಹೋದರು. ಸುದ್ದಿಯನ್ನು ಯಾರಿಗೂ ಹೇಳುವ ಧೈರ್ಯವಿಲ್ಲದೆ ಮ್ಯಾನೇಜರು ಒಬ್ಬರೇ ಕೂತಿದ್ದರು. ಇನ್‌ಸ್ಪೆಕ್ಟರ್ ಮೆಷಿನ್ನುಗಳ ಸಾಲಿನ ನಡುವೆ ಸುಮ್ಮನೆ ನಡೆದರು. ಪ್ರತಿ ಮೆಷಿನ್ನಿನಲ್ಲೂ, ಬಟ್ಟೆಯನ್ನು ಒತ್ತಿಹಿಡಿಯುವ ಲೋಹದ ಪಾದದ ಕೆಳಗೆ ನಾಲ್ಕು ಮಡಿಕೆ ಮಾಡಿದ ಬಟ್ಟೆಯ ಚೂರೊಂದಿತ್ತು. ನಿನ್ನೆಯೂ ಅದನ್ನು ನೋಡಿದ್ದರು, ಆದರೆ ಬರೆಸಿರಲಿಲ್ಲ. ಅವರ ಮನೆಯಲ್ಲಿ ಸದಾ ಇದ್ದದ್ದೇ ಹಾಗೆ. ಕೆಳಗಿನಿಂದ ಬಟ್ಟೆ ದೂಡುವ ಲೋಹದ ಹಲ್ಲಿನ ಮೇಲೆ ಬರಿದೇ ಪಾದ ಇಳಿಸಿ ಎದ್ದು ಬಂದರೆ ಅಪ್ಪ ಕಿವಿ ಹಿಂಡುತ್ತಿದ್ದರು. ಕಣ್ಣಿಗೆ ತೀರ ಪರಿಚಯವಾದದ್ದು ಕಣ್ಣಿಗೆ ಬೀಳುವುದಿಲ್ಲ.

"ಈ ಚೂರು ದಿನಾ ಇಡ್ತಾರಾ?"

"ಟೀಚರಕ್ಕನ ಕಟ್ಟಪ್ಪಣೆ ಸಾರ್, ದಿನಾ ಇಡಲೇಬೇಕು. ಆದರೆ..." ಮ್ಯಾನೇಜರು ಬಗ್ಗಿ ನೋಡಿದರು. "ಶನಿವಾರ ಸಂಜೆ ನಾನೇ ನಿಂತು ಎಲ್ಲಾ ತೆಗೆಸಿ ಸುಟ್ಟೆನಲ್ಲ. ಬಂದವರ ಕಣ್ಣಿಗೆ ಚಿಂದಿ ಬೀಳಬಾರದು ಅಂತ. ನಿನ್ನೆ ಬಾಗಿಲು ತೆಗೆದಾಗಿನಿಂದ ಯಾರನ್ನೂ ಮೆಷಿನ್ನು ಮುಟ್ಟೋಕೆ ಬಿಟ್ಟಿಲ್ಲ."

ಅಂದರೆ ಬಾಬಿನ್ ಕೇಸ್ ತೆಗೆದವರೇ ಈ ಚೂರುಗಳನ್ನು ಇಟ್ಟು ಹೋಗಿದ್ದಾರೆ. ಮ್ಯಾನೇಜರಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆಯೆಂದು ಮತ್ತೆ ಕೇಳಬೇಕಾಗಿರಲಿಲ್ಲ. ಇನ್‌ಸ್ಪೆಕ್ಟರ್ ಒಂದು ಕ್ಷಣ, ತಾನು ದರ್ಜಿಯ ಮಗನಾಗಿರಬಾರದಿತ್ತು ಅಂದುಕೊಂಡರು.

ಮಧ್ಯಾಹ್ನ ಮೂರಕ್ಕೆ ಟೀಚರಕ್ಕನ ಮನೆ. ಒಂದೇ ಕೋಣೆ, ಕಿಟಕಿಯ ಪಕ್ಕ ಒಂದು ಹಳೇ ಮೆಷಿನ್ನು. ಮಹಿಳಾ ಪೇದೆ, ದಫೇದಾರ ಬಾಗಿಲಲ್ಲಿ ನಿಂತರು. ಇನ್‌ಸ್ಪೆಕ್ಟರ್ ಕೇಳಿದರು.

"ಭಾನುವಾರ ಕೇಂದ್ರಕ್ಕೆ ಹೋಗಿದ್ರಾ?"

ಅವಳು ತಲೆ ತಗ್ಗಿಸಿ ಸೆರಗಿಗಂಟಿದ ದಾರದ ತುಂಡುಗಳನ್ನು ಆಯತೊಡಗಿದಳು.

"ಎಲ್ಲಾ ತೆಗೆದ ಮೇಲೆ ಪಾದದ ಕೆಳಗೆ ಬಟ್ಟೆ ಯಾಕಿಟ್ರಿ?"

ಅವಳು ತಲೆ ಎತ್ತಿದಳು. "ಇಡದೆ ಹೇಗೆ ಬರೋದು ಸಾರ್? ಹಲ್ಲು ಸವೆದು ಹೋಗುತ್ತಲ್ಲ."

ಆಮೇಲೆ ತಾನೇ ಎದ್ದು ಮಂಚದ ಕೆಳಗಿನ ಡಬ್ಬಿ ಎಳೆದಳು. ಮೂವತ್ತೂ ಇದ್ದವು. ಒಂದೊಂದಕ್ಕೂ ಎಣ್ಣೆ ಒರೆಸಿ, ತುಕ್ಕು ಹಿಡಿಯದ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಕದ್ದ ಮಾಲನ್ನು ಯಾವ ಕಳ್ಳನೂ ಇಷ್ಟು ಜೋಪಾನ ಮಾಡಿದ್ದನ್ನು ದಫೇದಾರ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ.

ಕಾರಣ ಕೇಳಿದಾಗ ಅವಳು ಹೇಳಿದ್ದು ಒಬ್ಬ ಹೆಂಗಸಿನ ಕತೆ. ಜೊತೆಯವರು ಅವಳನ್ನು ಆಮೆ ಎಂದು ಕರೆಯುತ್ತಿದ್ದರು, ಅಷ್ಟು ನಿಧಾನ. ಗಂಡನಿಲ್ಲ, ಎರಡು ಮಕ್ಕಳು. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸವಿತ್ತು. ಅದನ್ನು ಬಿಡಿಸಿ ಹೊಲಿಗೆಗೆ ಎಳೆತಂದವಳು ಟೀಚರಕ್ಕ. ಕಾರ್ಖಾನೆಯಲ್ಲಿ ನಿನಗೆ ಕೆಲಸ ಕೊಡಿಸದಿದ್ದರೆ ನನ್ನ ಹೆಸರು ಹಿಡಿದು ಕೇಳು ಎಂದು ಮಾತು ಕೊಟ್ಟಿದ್ದಳು. ಆಸ್ಪತ್ರೆಯ ಕೆಲಸಕ್ಕೆ ಬೇರೆಯವರು ಬಂದಾಗಿತ್ತು. ಶನಿವಾರದವರೆಗೂ ಆಮೆಯ ಕಾಲರ್ ಒಂದು ಕಡೆ ಎಳೆದುಕೊಂಡೇ ಬರುತ್ತಿತ್ತು.

"ಒಂದು ವಾರ ಸಿಕ್ಕಿದ್ದರೆ ಅವಳ ಕೈ ಕೂರುತ್ತಿತ್ತು ಸಾರ್. ಅಷ್ಟೇ ನಾನು ಕೇಳಿದ್ದು. ಈ ಊರಿಗೆ ಯಾವುದು ಹೇಳಿದ ದಿನ ಬಂದಿದೆ? ರಸ್ತೆ ಮುಂದಕ್ಕೆ ಹೋಯ್ತು, ಬಂತು. ನಲ್ಲಿ ನೀರು ಮುಂದಕ್ಕೆ ಹೋಯ್ತು, ಬಂತು. ಇದೂ ಹಾಗೇ ಅಂದ್ಕೊಂಡೆ." ಆಮೇಲೆ ಕೇಳಿದಳು. "ಹೊಸ ತಾರೀಕು ಯಾವತ್ತು ಕೊಟ್ಟರು?"

ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರಿಗೆ ಯಾವ ಆರೋಪಿಯ ಪ್ರಶ್ನೆಯೂ ಇಷ್ಟು ಕಷ್ಟವಾಗಿರಲಿಲ್ಲ. ಕಂಪನಿಯವರು ಗುಡ್ಡದಾಚೆ ಹೋದರೆಂದು ಹೇಳಿದರು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಅರ್ಧ ಗಂಟೆ ಬಿಡಿ ಸಾರ್, ಎಲ್ಲಾ ಹಾಕಿಕೊಡ್ತೀನಿ, ಅವರನ್ನ ಕರೀರಿ ಎಂದು ಅಂಗಲಾಚಿದಳು. ಮಹಿಳಾ ಪೇದೆ ಡಬ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಪಂಚರ ಮುಂದೆ ಜಪ್ತಿ ಪಂಚನಾಮೆ ಆಯಿತು, ಅರಗಿನ ಮುದ್ರೆ ಬಿತ್ತು. ನ್ಯಾಯಾಲಯ ಬಿಡುವವರೆಗೆ ಆ ಮೂವತ್ತೂ ಇನ್ನು ಮುದ್ದೆಮಾಲು.

ಐದು ಗಂಟೆಗೆ ಬಂಧನದ ಪತ್ರಕ್ಕೆ ಟೀಚರಕ್ಕ ಸಹಿ ಹಾಕಿ ಠಾಣೆಯ ಒಳಬೆಂಚಿನಲ್ಲಿ ಕೂತಳು. ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಯಾರೆಂದು ದಫೇದಾರ ಕೇಳಿದ್ದಕ್ಕೆ, ಹೊಲಿಗೆಯವಳು, ಆಮೆ ಅಂದರೆ ಎಲ್ಲರಿಗೂ ಗೊತ್ತು ಎಂದು ನಾಚಿಕೊಂಡಳು. ಟೀಚರಕ್ಕ ಯಾಕೆ ಹೀಗೆ ಮಾಡಿದರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಕ್ಕನನ್ನು ಬಯ್ಯಬೇಡಿ, ಏನೋ ಗ್ರಹಚಾರ ಎಂದು ಕೇಳಿಕೊಂಡಳು. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿದಳು.

"ಪರೀಕ್ಷೆ ದಿನ ಗೊತ್ತಾದರೆ ನನಗೂ ತಿಳಿಸಿ ಸಾರ್. ಭಾನುವಾರ ಪಕ್ಕದ ಮನೆ ಮೆಷಿನ್ನಲ್ಲಿ ಕೂತು ನಾಲ್ಕು ಕಾಲರ್ ಹೊಲಿದೆ. ನಾಲ್ಕೂ ಸರಿಯಾಗೇ ಬಂತು."

ಒಳಬೆಂಚಿನವರೆಗೂ ಅದು ಕೇಳಿಸಿತು.