ಜ್ವರವಿಲ್ಲದ ಅಜ್ಜಿ

"ಅಜ್ಜೀ, ಲಿಂಗ ಇಟ್ಕೊಂಡಿರೋ ಎಡಗೈನ ಯಾಕೆ ಬಲಗೈಲಿ ಎತ್ತಿ ಹಿಡ್ಕೊಂಡಿದ್ದೀಯ?"

"ಪೂಜೆ ಹೊತ್ನಲ್ಲಿ ಮಾತಾಡ್ಬಾರ್ದು ಕಣೇ," ಎಂದು ಅಜ್ಜಿ ಕರಿಬಸಮ್ಮ ಗದರಿದರು. ಆದರೆ ಆ ಎಡಗೈ ಮತ್ತೆ ಮೊಣಕಾಲಿಗೆ ಇಳಿದುಬಿಟ್ಟಿತು.

ಐದನೇ ಕ್ಲಾಸಿನ ಪಂಕಜಾಕ್ಷಿಗೆ ಪ್ರಶ್ನೆ ಕೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಕಣ್ಣಿಗೆ ಬಿದ್ದುದಕ್ಕೆಲ್ಲ ಅವಳದೊಂದು ‘ಯಾಕೆ’! ಎಪ್ಪತ್ತೆಂಟನೇ ಇಸವಿ ಅದು. ಕಡೂರಿನಲ್ಲಿ ಫ್ಲೂ ಜ್ವರ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಇವರ ಮನೆಯಲ್ಲೂ ಅಪ್ಪ, ಅಮ್ಮ, ಮಗಳು ಮೂವರೂ ಮಲಗಿದ್ದರು. ಅಮ್ಮ, ಮಗಳು ಅವತ್ತು ಬೆಳಿಗ್ಗೆಯಷ್ಟೇ ಎದ್ದಿದ್ದರು. ಅಪ್ಪ ಇನ್ನೂ ಹಾಸಿಗೆಯಲ್ಲೇ.

ಪೂಜೆ ಮುಗಿಸಿದ ಅಜ್ಜಿ ಗೋಡೆಗೆ ಒರಗಿದರು. ಮುಖದಲ್ಲೆಲ್ಲ ಬೆವರು.

"ಅಯ್ಯೋ ಶಿವನೇ, ಅತ್ತೇರಿಗೂ ಅಂಟ್ಕೊಂಡ್ತಲ್ಲ!" ಅಮ್ಮ ಕಷಾಯಕ್ಕೆ ನೀರಿಡಲು ಓಡಿದಳು.

ಪಂಕಜಾಕ್ಷಿ ಅಜ್ಜಿಯ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು! "ಅಮ್ಮಾ, ಜ್ವರ ಬಂದ್ರೆ ಮೈ ಸುಡ್ಬೇಕಲ್ವಾ? ಅಜ್ಜೀ, ಎಲ್ಲಿ ನೋಯ್ತೈತೆ?"

"ಎದೆ ಮೇಲೆ ಒರಳುಕಲ್ಲು ಇಟ್ಟಂಗೈತೆ. ದವಡೆ ಎಳೀತೈತೆ. ಗ್ಯಾಸು ಬಿಡೇ."

"ಗ್ಯಾಸು ದವಡೆಗೂ ಹೋಗ್ತೈತಾ?"

ಅದನ್ನು ಕೇಳಿ ಅಮ್ಮ ಒಲೆ ಬಿಟ್ಟು ಎದ್ದೇ ಬಂದಳು. ಜಟಕಾ ಹತ್ತಿ ಮೂವರೂ ಡಾಕ್ಟರ್ ಕೃಷ್ಣಸ್ವಾಮಿಯವರ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಕ್ಯೂ ಬೀದಿಯವರೆಗೂ ಬೆಳೆದಿತ್ತು. ಎಲ್ಲಿ ನೋಡಿದರೂ ಕೆಮ್ಮೋ ಕೆಮ್ಮು.

ಕಾಂಪೌಂಡರ್ ಷಡಕ್ಷರಿ ಒಬ್ಬೊಬ್ಬರನ್ನೇ ಕೇಳುತ್ತ ಬಂದ. "ಜ್ವರ ಎಷ್ಟು ದಿನದಿಂದ?"

"ಅಜ್ಜಿಗೆ ಜ್ವರ ಇಲ್ಲ," ಎಂದಳು ಪಂಕಜಾಕ್ಷಿ.

"ಜ್ವರ ಇಲ್ದೋರು ಇಲ್ಲಿಗ್ಯಾಕೆ ಬಂದ್ರಿ? ಅಂಟ್ಕೊಂಡೀತು, ಮನೇಗೆ ಕರ್ಕೊಂಡ್ಹೋಗಿ!"

ಅಜ್ಜಿ ಹೊರಟೇಬಿಟ್ಟರು. ಪಂಕಜಾಕ್ಷಿ ಬಾಗಿಲಲ್ಲೇ ನಿಂತು ಕೂಗಿದಳು. "ಜ್ವರ ಇಲ್ದೇನೇ ಹಿಂಗೆ ಬೆವರ್ತಾರಾ? ಎದೆ ಭಾರ, ದವಡೆ ನೋವು, ಎಡಗೈ ಎತ್ತಕ್ಕಾಗಲ್ಲ. ಯಾಕೆ? ಯಾರಾದ್ರೂ ಹೇಳಿ!"

ಒಳಗಿದ್ದ ಡಾಕ್ಟರು ಸ್ಟೆತಾಸ್ಕೋಪು ಹಿಡಿದೇ ಓಡಿಬಂದರು. ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ಪರೀಕ್ಷೆ ಮಾಡಿ, ನಾಲಿಗೆಯ ಅಡಿಗೆ ಮಾತ್ರೆ ಇಟ್ಟರು.

"ಇದು ಹಾರ್ಟ್ ಅಟ್ಯಾಕ್ ಕಣಮ್ಮಾ," ಎಂದರು ಅಮ್ಮನಿಗೆ. "ಈಗ್ಲೇ ಚಿಕ್ಕಮಗಳೂರಿಗೆ ಹೋದ್ರೆ ಉಳ್ಕೋತಾರೆ. ನನ್ನ ಕಾರಲ್ಲೇ ಕಳಿಸ್ತೀನಿ, ಹೊರಡಿ."

ಕಾರಿನಲ್ಲಿ ಅಜ್ಜಿಯ ಉಸಿರು ನಿಧಾನವಾಗಿ ಹದಕ್ಕೆ ಬಂತು.

"ಮೂರು ದಿನದಿಂದ ಹಿಂಗೇ ಆಯ್ತಿತ್ತು ಕಣೇ," ಎಂದರು ಮೆಲ್ಲಗೆ.

‘ಮತ್ಯಾಕೆ ಹೇಳ್ಲಿಲ್ಲ?’ ಪ್ರಶ್ನೆ ಪಂಕಜಾಕ್ಷಿಯ ನಾಲಿಗೆಯ ತುದಿಗೆ ಬಂದುಬಿಟ್ಟಿತು. ಆ ಮೂರು ದಿನವೂ ಹೊತ್ತುಹೊತ್ತಿಗೆ ತನ್ನ ಹಾಸಿಗೆಗೆ ಗಂಜಿ ತಂದುಕೊಟ್ಟವರು ಯಾರು? ಅಪ್ಪನ ಹಣೆಗೆ ಒದ್ದೆ ಬಟ್ಟೆ ಹಾಕಿದವರು ಯಾರು?

ಪಂಕಜಾಕ್ಷಿ ಏನನ್ನೂ ಕೇಳಲಿಲ್ಲ. ಅಜ್ಜಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಳು.