ಎರಡು ಕಟ್ಟಡಗಳ ನಡುವಿನ ಕೇಬಲ್

"ಆ ಕೇಬಲ್ ಮುಟ್ಟಬೇಡಿ!"

ಅವಳು ಬೆಚ್ಚಿಬಿದ್ದಳು. ತಿರುಗುವಷ್ಟರಲ್ಲಿ ಅವನು ಅವಳ ಮಣಿಕಟ್ಟು ಹಿಡಿದಾಗಿತ್ತು. ತಣ್ಣನೆಯ ಕೈ.

"ಬಿಡ್ರೀ ಕೈ! ನಾನು ನೆಟ್‌ವರ್ಕ್ ಎಂಜಿನಿಯರ್. ಎರಡೂ ಕಟ್ಟಡದ ನೆಟ್‌ವರ್ಕ್ ಜೋಡಿಸೋಕೆ ಯಾವ ಉಪಕರಣ ಸರಿ ಅಂತ ನೋಡೋಕೆ ಆಸ್ಪತ್ರೆಯವರೇ ಕರೆಸಿದ್ದಾರೆ."

"ಗೊತ್ತು. ಅದಕ್ಕೇ ಹೇಳಿದ್ದು."

ಹಳೇ ಕಟ್ಟಡದ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ತಂತ್ರಜ್ಞ ಅವನು. ಮೂಗಿನ ತುದಿಯಲ್ಲೇ ಕೋಪ. ನರ್ಸುಗಳು ಇಟ್ಟ ಹೆಸರು ದೂರ್ವಾಸ.

ಅವನ ಬೆನ್ನ ಹಿಂದೆ ತೀವ್ರ ನಿಗಾ ವಾರ್ಡು. ಮುಚ್ಚಿದ ಕೋಣೆಗಳೊಳಗಿನ ಒಂದೊಂದು ಎದೆಬಡಿತವೂ ಹಳೇ ಕಾಲದ ನೆಟ್‌ವರ್ಕಿನಲ್ಲಿ ಹರಿದು, ನರ್ಸುಗಳ ಮೇಜಿನ ಪರದೆಯ ಮೇಲೆ ಹಸಿರು ಗೆರೆಯಾಗಿ ಓಡುತ್ತಿತ್ತು.

"ಜೋಡಿಸಲೇಬೇಡಿ," ಅಂದ.

"ರಕ್ತಪರೀಕ್ಷೆಯ ಫಲಿತಾಂಶ ಹೊಸ ಕಟ್ಟಡದಿಂದ ಯಾರೋ ಕೈಲಿ ಹಿಡ್ಕೊಂಡು ಬರಬೇಕು. ತಡ ಆಗಿ ಜೀವ ಹೋದ್ರೆ ಪರವಾಗಿಲ್ವಾ?"

ಅವನು ಅವಳ ಮಣಿಕಟ್ಟು ಬಿಟ್ಟ. ಅವಳ ದನಿಯೂ ಇಳಿಯಿತು.

"ನೋಡಿ, ಎರಡನ್ನೂ ನೇರವಾಗಿ ಜೋಡಿಸೋ ಸಾದಾ ಬ್ರಿಜ್ ಹಾಕಿದ್ರೆ ಆ ಕಡೆಯ ಡೇಟಾ ಗದ್ದಲ ಎಲ್ಲಾ ಈ ಕಡೆ ನುಗ್ಗಿ ಈ ಗೆರೆಗಳೇ ನಿಂತುಹೋಗುತ್ತವೆ. ರೂಟರ್ ದಾರಿ ತೋರಿಸುತ್ತೆ, ಆದ್ರೆ ಇವೆರಡರ ಭಾಷೆಯೇ ಬೇರೆ. ನಾನು ಆರಿಸಿರೋದು ಗೇಟ್‌ವೇ. ಅದು ಭಾಷೆ ಬದಲಿಸುತ್ತೆ, ಬೇಕಾದ್ದನ್ನ ಮಾತ್ರ ಒಳಗೆ ಬಿಡುತ್ತೆ."

"ಅದು ಬರೋಕೆ ಮುಂಚೆ ಯಾರಾದ್ರೂ ಆತುರಪಟ್ಟರೆ?"

"ನಾನಿದ್ದೀನಲ್ಲ. ಬಿಡಲ್ಲ."

ಅವನು ನಗಲಿಲ್ಲ. ಆದರೆ ಮರುದಿನ ಅವಳು ಕೇಳದೆಯೇ ಒಂದು ಲೋಟ ಚಹಾ ಅವಳ ಪಕ್ಕ ಬಂದು ಕೂತಿತು. ಆಮೇಲೆ ದಿನಾ.

ದೂರ್ವಾಸನಿಗೂ ಇಷ್ಟು ಮೆತ್ತನೆ ಮನಸ್ಸಾ?... ಅಂದುಕೊಂಡಳು. ಅವನು ಹೋಗುವಾಗ ಬರುವಾಗ ಮೂಲೆಯ ಕೋಣೆಯ ಬಾಗಿಲ ಮುಂದೆ ನಿಲ್ಲುವುದನ್ನೂ ಕಂಡಳು. ಯಾಕೆ ಅಂತ ಕೇಳುವ ಧೈರ್ಯ ಬರಲಿಲ್ಲ.

ಒಂದು ದಿನ ಮಧ್ಯಾಹ್ನ ಅವಳು ಬಂದಾಗ ವಾರ್ಡು ವಿಪರೀತ ನಿಶ್ಶಬ್ದವಾಗಿತ್ತು. 

ಪರದೆ ನೋಡಿದಳು. ಹಸಿರು ಗೆರೆಗಳು ಇದ್ದವು... ಆದರೆ ಒಂದೂ ಓಡುತ್ತಿರಲಿಲ್ಲ!

ಅದೇ ಹೊತ್ತಿಗೆ ಒಳಬಂದ ಅವನೂ ನೋಡಿದ. ಮುಖ ಬಿಳಿಚಿಕೊಂಡಿತು.

"ಜೋಡಿಸಿಬಿಟ್ರಾ? ಬಿಡಲ್ಲ ಅಂದ್ರಲ್ಲ! ಮೂಲೆ ಕೋಣೇಲಿ ನಮ್ಮಮ್ಮ ಇದ್ದಾರೆ ಕಣ್ರೀ!"

"ಅಮ್ಮನಾ?... ಇಲ್ಲ, ನಾನಲ್ಲ—"

ಅವನು ಆಗಲೇ ಮೂಲೆಯ ಕೋಣೆಗೆ ಓಡಿದ್ದ. ಅವಳು ಕೇಬಲ್ ಕೋಣೆಗೆ ಓಡಿದಳು.

ಅಲ್ಲಿ ಅವಳು ತರಿಸದ ಒಂದು ಪುಟ್ಟ ಬ್ರಿಜ್ ಕೂತಿತ್ತು. ಅದರ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಪಕ್ಕದಲ್ಲಿ ಆಸ್ಪತ್ರೆಯ ಮ್ಯಾನೇಜರ್.

"ಹೊಸ ನೆಟ್‌ವರ್ಕ್ ಉದ್ಘಾಟನೆ ಹತ್ತಿರ ಬಂತಲ್ಲಮ್ಮ, ನಾನೇ ಹಾಕಿಸಿದೆ. ಏ, ಕೀಳಬೇಡ!"

ಅವಳು ಕಿತ್ತೇಬಿಟ್ಟಳು.

ಕೊಂಚ ಹೊತ್ತಿಗೆ ವಾರ್ಡಿನ ಕಡೆಯಿಂದ ಅಲಾರಂ ಚೀರಿತು. ಅಷ್ಟು ಹೊತ್ತೂ ಗದ್ದಲದಲ್ಲಿ ಸಿಕ್ಕಿಕೊಂಡಿದ್ದ ಮೂಲೆಯ ಕೋಣೆಯ ಅಲಾರಂ! ಡಾಕ್ಟರ್ ಓಡಿದರು, ನರ್ಸುಗಳು ಓಡಿದರು. ಬಾಗಿಲು ಮುಚ್ಚಿಕೊಂಡಿತು.

ಅವಳು ಕೇಬಲ್ ಕೋಣೆಗೆ ಬೀಗ ಜಡಿದಳು.

"ಗೇಟ್‌ವೇ ಬರೋವರೆಗೂ ಬೀಗದ ಕೈ ನನ್ನ ಹತ್ರಾನೇ ಇರುತ್ತೆ ಸಾರ್. ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ."



ಸಂಜೆ ಅವನು ಹೊರಗೆ ಬಂದು ಬೆಂಚಿನ ಮೇಲೆ ಕುಸಿದ. ಅವಳಿಗೆ ಕೇಳಲೂ ಭಯ.

"ಉಸಿರಿದೆ," ಅಂದ. "ಬೆಳಿಗ್ಗೆವರೆಗೂ ಏನೂ ಹೇಳಕ್ಕಾಗಲ್ಲವಂತೆ... ಬ್ರಿಜ್ ಹಾಕಿಸಿದ್ದು ಯಾರು ಅಂತ ಗೊತ್ತಾಯ್ತು. ನಿಮ್ಮನ್ನ ಅಂದುಬಿಟ್ಟೆ. ತಪ್ಪಾಯ್ತು."

"ಅಮ್ಮ ಇಲ್ಲಿದ್ದಾರೆ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಜೋಡಿಸದೆ ಇರೋಕೆ ಕನಿಕರಕ್ಕೆ ಒಪ್ಪಿಕೊಳ್ತಿದ್ರಿ. ನನಗೆ ನಿಮ್ಮ ಕನಿಕರ ಬೇಕಿರಲಿಲ್ಲ."

"ಮತ್ತೇನು ಬೇಕಿತ್ತು?"

ಅವನು ಕಣ್ಣೆತ್ತಿ ನೋಡಿದ. 

"ದಿನಾ ಚಹಾ ತಂದುಕೊಟ್ಟಿದ್ದು ಕೇಬಲ್ ಮೇಲಿನ ಪ್ರೀತಿಗಲ್ಲ," ಅಂದ ಮೆಲ್ಲಗೆ.

ಅವಳ ಕಣ್ಣು ತುಂಬಿಬಂತು. ಇಂಥ ದಿನವೇ ಇದನ್ನು ಕೇಳಬೇಕಿತ್ತಾ!... ಆದರೂ ಕೇಳಿದ್ದಕ್ಕೆ ಜೀವ ಹಗುರಾಯಿತು.

"ಹಾಗಂತ ಗೊತ್ತಿದ್ದೇ ಕುಡೀತಿದ್ದೆ," ಅಂದಳು.

ಮುಚ್ಚಿದ ಬಾಗಿಲಾಚೆ ಯಂತ್ರದ ಸದ್ದು ತಡವರಿಸಿ, ಮತ್ತೆ ಸರಿಹೋಯಿತು. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡರು.

"ಕತ್ತಲಾಯ್ತು. ನೀವು ಮನೆಗೆ ಹೋಗಿ," ಅಂದ.

"ನಿಜವಾಗ್ಲೂ ಹೋಗ್ಲಾ?"

ಅವನು ತಲೆ ತಗ್ಗಿಸಿದ. ಕೊನೆಗೆ ದನಿ ಒಡೆಯಿತು.

"...ಹೋಗಬೇಡ."