ಈ ಬೆರಳುಗಳು ನನ್ನವಲ್ಲ!

“ಇವು ಯಾರ ಕೈ ಕಣ್ರೀ?”

ಸುಮನಾ ಫೋಟೋವನ್ನು ಕೌಂಟರಿನ ಮೇಲೆ ಕುಕ್ಕಿದಳು. ರಾಮನಗರದ ಆ ಪುಟ್ಟ ಸ್ಟುಡಿಯೋದಲ್ಲಿ ಒಬ್ಬನೇ ಕುಳಿತಿದ್ದ ಸಿದ್ಧಾರ್ಥ ಗಾಬರಿಯಿಂದ ಎದ್ದ.

“ನಿಮ್ದೇ ಮೇಡಂ... ಗಂಡಿನ ಕಡೆಯೋರಿಗೆ ತೋರ್ಸೋಕೆ ಅಂದ್ರಲ್ಲ, ಒಸಿ ನೀಟ್ ಮಾಡ್ದೆ.”

ನೀಟ್! ಅವಳಿಗೆ ಮೈಯೆಲ್ಲಾ ಉರಿಯಿತು. ಹತ್ತು ವರ್ಷ ರೇಷ್ಮೆ ಗೂಡು ಬೇಯುವ ಬಿಸಿನೀರಿಗೆ ಅದ್ದಿ ನೂಲಿನ ಎಳೆ ಹುಡುಕಿದ ಬೆರಳುಗಳು ಅವಳವು. ತುದಿ ಬಿಳಿಚಿ, ಚರ್ಮ ಬಿರಿದಿತ್ತು. ಅವ್ವನ ಕಣ್ಣಿನ ಆಪರೇಷನ್ ಮಾಡಿಸಿದ್ದು ಅವೇ. ಫೋಟೋದಲ್ಲಿ ಮಾತ್ರ ಯಾರದ್ದೋ ಮೆತ್ತನೆ ಬೆರಳುಗಳು!

“ನಾನು ಕೇಳಿದ್ನಾ?”

“ಸೆರಗೊಳಗೆ ಮುಚ್ಕೋತಾ ಇದ್ರಿ... ನಾಚ್ಕೆ ಅನ್ಕೊಂಡೆ.”

“ಮುಚ್ಕೊಂಡಿದ್ದು ಅವ್ವ ಗದರಿದ್ದಕ್ಕೆ! ನಾನು ಹೆಂಗೆ ಕಾಣ್ಬೇಕು ಅಂತ ನೀವ್ಯಾರ್ರೀ ತೀರ್ಮಾನ ಮಾಡೋಕೆ?”

ಸಿದ್ಧಾರ್ಥ ತಲೆತಗ್ಗಿಸಿದ. ಅವನ ಗಲ್ಲದ ಮೇಲೆ ತೊನ್ನಿನ ಬಿಳಿ ಮಚ್ಚೆಯಿತ್ತು. ಹಿಂದಿನ ಗೋಡೆಯಲ್ಲಿ ಅವನದೇ ದೊಡ್ಡ ಫೋಟೋ. ಅದರಲ್ಲಿ ಮಚ್ಚೆಯೇ ಇಲ್ಲ!

“ಓಹೋ... ನಿಮ್ಮನ್ನೂ ಅಳಿಸ್ಕೊಂಡಿದೀರಲ್ಲ!”

ಅವನ ಕಣ್ಣು ತುಂಬಿತು. ಅವಳು ಸಿಟ್ಟಿನಲ್ಲೇ ಹೊರಟುಬಂದಳು. ಆದರೆ ವಾರವಿಡೀ ಆ ಕಣ್ಣುಗಳೇ ಕಾಡಿದವು. ‘ಅಷ್ಟು ಅನ್ನಬಾರದಿತ್ತೇನೋ... ಆದರೆ ಅಂದದ್ದು ಸುಳ್ಳೇ?’

ಎಂಟನೇ ದಿನ, ಅವಳು ನೂಲು ತೆಗೆಯುವ ಶೆಡ್ಡಿಗೆ ಅವನೇ ಬಂದ! ಹಬೆಯ ನಡುವೆ ನಿಂತು ಎರಡು ಫೋಟೋ ಚಾಚಿದ. ಒಂದರಲ್ಲಿ ಅವಳ ಬೆರಳುಗಳು, ಇದ್ದ ಹಾಗೇ. ಇನ್ನೊಂದರಲ್ಲಿ ಅವನ ಮುಖ, ಮಚ್ಚೆ ಸಮೇತ.

“ಗೋಡೆಗೆ ಈಗ ಇದನ್ನೇ ಹಾಕಿದೀನಿ. ಮೊದ್ಲು ಎರಡ್ ಸಲ ಹಾಕಿ ತೆಗ್ದುಬುಟ್ಟಿದ್ದೆ...”

“ಈಗ?”

“ನೀವು ಬೈದಿದ್ದು ನೆನೆಸ್ಕೊಂಡ್ರೆ ಧೈರ್ಯ ಬತ್ತದೆ.” ಅವನು ಉಸಿರೆಳೆದುಕೊಂಡ. “ನಿಮ್ ಫೋಟೋನ ಬೇರೆ ಯಾರ್ಗೂ ತೋರ್ಸಬೇಡಿ ಸುಮನಾ. ನಂಗೆ ನೀವಂದ್ರೆ ಇಷ್ಟ. ಈ ಮುಖ ಒಪ್ಪಿಗೆ ಅಂದ್ರೆ, ನಮ್ಮಪ್ಪನ್ನ ಕರ್ಕೊಂಡು ನಿಮ್ಮನೆಗೆ ಬತ್ತೀನಿ.”

ಸುಮನಾ ಅವನ ಫೋಟೋವನ್ನು ಮೆಲ್ಲಗೆ ಕೈಗೆ ತೆಗೆದುಕೊಂಡಳು. ಆದರೂ ಹುಬ್ಬು ಗಂಟಿಕ್ಕಿದಳು.

“ಮತ್ತೆ ಏನಾರ ಅಳಿಸಿದ್ರೆ?”

“ಇಲ್ಲ ಕಣ್ರೀ!”

ಅವಳು ಒದ್ದೆ ಬೆರಳನ್ನು ಅವನ ಮಚ್ಚೆಯ ಮೇಲಿಟ್ಟಳು. ಅವನು ಮುಖ ತಿರುಗಿಸಲಿಲ್ಲ.

“ಒರಟಾಗೈತಾ?”

“ಐತೆ.” ಆ ಕೈಯನ್ನು ಅವನು ಹಾಗೇ ಹಿಡಿದುಕೊಂಡ. “ಹಂಗೇ ಇರ್ಲಿ.”